ಡಿಸ್ಕು ಬಾಗಿದೆ ಅಂತ ಯಾರು ಹೇಳಿದರು?

ಇತಿಹಾಸದ ಮಾತು ಅಂದ ಕೂಡಲೇ ಕದಂಬರು, ಹೊಯ್ಸಳರು ಅಂತ ಶುರುವಾಗುತ್ತದೆ ಎಂದುಕೊಂಡು ನೀವು ಈಗಾಗಲೇ ಆಕಳಿಸಿರಬಹುದು. ಇವತ್ತು ರಾಜರು ಯಾರೂ ಬರುವುದಿಲ್ಲ. ಇವತ್ತಿನ ಕಥಾನಾಯಕ ನಿಮ್ಮ ಮನೆಯ ಕಾರಿನ ಚಕ್ರದ ಹಿಂದೆ ಅಡಗಿ ಕೂತಿರುವ ಒಂದು ಕಬ್ಬಿಣದ ತಟ್ಟೆ. ಸ್ವೀಡಿಷಿನಲ್ಲಿ ನೀವು ಅದನ್ನು ಬ್ರೊಮ್ಸ್‌ಶೀವ ಅನ್ನುತ್ತೀರಿ. (ನಡುವಿನ ಆ ಸದ್ದಿಗೆ ನಮ್ಮ 49 ಅಕ್ಷರಗಳಲ್ಲಿ ಒಂದೂ ಸರಿಹೊಂದುವುದಿಲ್ಲ, ನೀವೇ ಸರಿಯಾಗಿ ಉಚ್ಚರಿಸಿಕೊಳ್ಳಿ.) ಊರಿನ ಗ್ಯಾರೇಜುಗಳಲ್ಲಿ ಡಿಸ್ಕ್, ರೋಟರ್ ಅನ್ನುತ್ತಾರೆ. ನಾನು ಡಿಸ್ಕು ಎಂದೇ ಕರೆಯುತ್ತೇನೆ.

ನಿಮ್ಮಲ್ಲಿ ಹಲವರು ಹದಿನಾರು ತುಂಬಿ, ಅಪ್ಪನನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಡ್ರೈವಿಂಗ್ ಕಲಿಯುತ್ತಿದ್ದೀರಿ. ಕೆಲವರು ಲೈಸೆನ್ಸ್ ಸಿಕ್ಕ ಖುಷಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೀರಿ. ಹೆದ್ದಾರಿಯಲ್ಲಿ 110ರಲ್ಲಿ ಹೋಗುತ್ತಿರುವಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ಗಡಗಡ ನಡುಗುತ್ತದೆ, ಪೆಡಲ್ಲು ಕಾಲಡಿಯಲ್ಲಿ ನಾಡಿಯ ಹಾಗೆ ಬಡಿಯುತ್ತದೆ ಎಂದುಕೊಳ್ಳಿ. ಯಾರನ್ನು ಕೇಳಿದರೂ ಒಂದೇ ಉತ್ತರ: "ಡಿಸ್ಕು ಬಾಗಿದೆ, ಬದಲಾಯಿಸಿ." ಬದಲಾಯಿಸುತ್ತೀರಿ, ಸಾವಿರಗಟ್ಟಲೆ ಕ್ರೋನ ಹೋಗುತ್ತದೆ. ಆರೇಳು ತಿಂಗಳಿಗೆ ಮತ್ತೆ ಅದೇ ನಡುಕ. ನಮ್ಮ ಹಳೆಯ ಕಾರಿಗೆ ಒಂದು ವರ್ಕ್‌ಶಾಪಿನವರು ಒಂದೂವರೆ ವರ್ಷದಲ್ಲಿ ಎರಡು ಸಲ ಮುಂದಿನ ಡಿಸ್ಕುಗಳನ್ನು ಬದಲಾಯಿಸಿದ್ದರು, ಎರಡು ಸಲವೂ ಕಾರಣ "ಬಾಗಿದೆ" ಅಂತಲೇ. ಬಹುಪಾಲು ಸಂದರ್ಭದಲ್ಲಿ ಡಿಸ್ಕು ಬಾಗಿರುವುದೇ ಇಲ್ಲ. ಅದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸವೆದಿರುತ್ತದೆ. ಬಾಗುವುದಕ್ಕೂ ಸವೆಯುವುದಕ್ಕೂ ಇರುವ ಈ ವ್ಯತ್ಯಾಸ ಕಂಡುಹಿಡಿಯಲು ಬೇಕಾದ ಅಳತೆಯ ವಿದ್ಯೆಗೆ ಒಂದು ಇತಿಹಾಸವಿದೆ, ಅದರಲ್ಲಿ ಒಂದು ದೊಡ್ಡ ಅಧ್ಯಾಯ ನೀವಿರುವ ಈ ದೇಶದ್ದೇ.

ಮೊದಲು ಡಿಸ್ಕಿನ ಹುಟ್ಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಅವರ ಡಿಸ್ಕನ್ನು ಹಿಡಿಯುತ್ತಿದ್ದದ್ದು ತಾಮ್ರದ ಪ್ಯಾಡು. ಲೋಹಕ್ಕೆ ಲೋಹ ಉಜ್ಜಿ ಕಿವಿ ಹರಿಯುವ ಹಾಗೆ ಕಿರುಚುತ್ತಿತ್ತು, ಜನ ಬೇಡವೆಂದರು. ಮುಂದೆ ಅರ್ಧ ಶತಮಾನ ಕಾರುಗಳಲ್ಲಿ ಮೆರೆದದ್ದು ಡ್ರಮ್ ಬ್ರೇಕು, ಅಂದರೆ ಚಕ್ರದ ಜೊತೆ ತಿರುಗುವ ಒಂದು ಡೋಲು, ಅದರ ಒಳಗಿನಿಂದ ಹೊರಕ್ಕೆ ಒತ್ತುವ ಎರಡು ಶೂಗಳು. ಡೋಲು ಮುಚ್ಚಿದ ಪಾತ್ರೆ, ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಹಿಡಿತ ಕಡಿಮೆಯಾಗುತ್ತ ಬರುತ್ತದೆ. ಆಗುಂಬೆ ಘಾಟಿ ಇಳಿಯುವ ಹಳೆಯ ಬಸ್ಸುಗಳಿಂದ ಬರುತ್ತಿದ್ದ ಸುಟ್ಟ ವಾಸನೆಯನ್ನು ನಿಮ್ಮ ಅಪ್ಪ ಅಮ್ಮನನ್ನು ಕೇಳಿ, ನೆನಪಿರುತ್ತದೆ. ಡಿಸ್ಕು ಗಾಳಿಗೆ ತೆರೆದುಕೊಂಡಿರುವ ತಟ್ಟೆ, ಎರಡೂ ಬದಿಯಿಂದ ಪ್ಯಾಡುಗಳು ಅದನ್ನು ಚಿವುಟಿ ಹಿಡಿಯುತ್ತವೆ. 1953ರಲ್ಲಿ ಲೆ ಮಾನ್ ರೇಸಿನಲ್ಲಿ ಡನ್ಲಪ್ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಕಾರು 24 ಗಂಟೆ ಓಡಿ ಗೆದ್ದ ಮೇಲೆ ಲೋಕಕ್ಕೆ ಇದರ ಬೆಲೆ ಗೊತ್ತಾಯಿತು. 1955ರಲ್ಲಿ ಫ್ರಾನ್ಸಿನ ಸಿತ್ರೊಯೆನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕು ಬಂತು.

ಈ ತಟ್ಟೆ ಯಾವ ಲೋಹದ್ದು ಗೊತ್ತೇ? ಬೀಡು ಕಬ್ಬಿಣ, ಅಂದರೆ ಎರಕದ ಕಬ್ಬಿಣ. ಅಜ್ಜಿ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ಕಳಿಸಿದ ಆ ಭಾರದ ದೋಸೆ ಕಾವಲಿ ಇದೆಯಲ್ಲ, ಅದರ ಹತ್ತಿರದ ನೆಂಟ. ಹಾಗಾಗಿ ಡಿಸ್ಕಿನ ಸ್ವಭಾವ ಅಡುಗೆ ಮನೆಯಲ್ಲಿ ನಿಂತವರಿಗೆ ಬೇಗ ಅರ್ಥವಾಗುತ್ತದೆ. ಬಿಸಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಸುಲಭಕ್ಕೆ ಬಾಗುವುದಿಲ್ಲ. ಆದರೆ ತೊಳೆದು ಒರೆಸದೆ ಇಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಕೆಂಪು ತುಕ್ಕು. ಕಾವಲಿಗೆ ಎಣ್ಣೆ ಸವರಿ ಇಡುತ್ತೇವೆ. ಡಿಸ್ಕಿಗೆ ಎಣ್ಣೆ ಮುಟ್ಟಿಸುವಂತೆಯೇ ಇಲ್ಲ, ಮುಟ್ಟಿಸಿದರೆ ಬ್ರೇಕೇ ಹಿಡಿಯುವುದಿಲ್ಲ. ಅದರ ತುಕ್ಕಿಗೆ ಇರುವ ಮದ್ದು ಒಂದೇ, ಪ್ಯಾಡು ಅದನ್ನು ಆಗಾಗ ಉಜ್ಜುತ್ತಿರಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಎಲೆಕ್ಟ್ರಿಕ್ ಕಾರಿನ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಸ್ವೀಡನ್ನಿಗೆ ಬರೋಣ. ವೋಲ್ವೊದ ಮೊದಲ ಕಾರು ಗೋಥೆನ್‌ಬರ್ಗಿನಲ್ಲಿ ಹೊರಬಂದದ್ದು 1927ರ ಏಪ್ರಿಲ್ 14ರಂದು. ಆಗ ವೋಲ್ವೊ ಎಸ್‌ಕೆಎಫ್ ಎಂಬ ಬೇರಿಂಗ್ ಕಂಪನಿಯ ಮಗು. ಆ ಎಸ್‌ಕೆಎಫ್‌ನ ಕಾರ್ಖಾನೆ ನಮ್ಮ ಬೆಂಗಳೂರಿನ ಬೊಮ್ಮಸಂದ್ರದಲ್ಲೂ ಇದೆ, ವೋಲ್ವೊ ಲಾರಿಗಳು 1998ರಿಂದ ಹೊಸಕೋಟೆಯಲ್ಲಿ ತಯಾರಾಗುತ್ತಿವೆ, ಹಾಗಾಗಿ ಈ ನೆಂಟಸ್ತಿಕೆ ಎರಡು ಕಡೆಯದು. ಚಕ್ರ ಸಲೀಸಾಗಿ ತಿರುಗುವುದು ಹೇಗೆ ಎಂದು ಮೊದಲು ಕಲಿತವರು, ಆಮೇಲೆ ಅದನ್ನು ನಿಲ್ಲಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡರು. 1961ರ ಪಿ1800 ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕು ಬಂತು. 1966ರಲ್ಲಿ ಬಂದ 144 ಮಾಡೆಲ್ಲಿನಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕು, ಜೊತೆಗೆ ಎರಡು ಬೇರೆ ಬೇರೆ ಬ್ರೇಕ್ ಎಣ್ಣೆಯ ಜಾಲ. ಒಂದೊಂದು ಜಾಲವೂ ಮುಂದಿನ ಎರಡು ಚಕ್ರ, ಹಿಂದಿನ ಒಂದು ಚಕ್ರವನ್ನು ಹಿಡಿಯುತ್ತಿತ್ತು. ಒಂದು ಕಡೆ ಪೈಪು ಒಡೆದರೂ ಮೂರು ಚಕ್ರ ನಿಲ್ಲುತ್ತವೆ. 1967ರ ನವೆಂಬರಿನಲ್ಲಿ ಜನರ ಮುಂದೆ ಬಂದ ಸಾಬ್ 99 ಕೂಡ ನಾಲ್ಕು ಡಿಸ್ಕಿನ ಕಾರು.

ಇದೇ ವರ್ಷಗಳಲ್ಲಿ ಈ ದೇಶ ಇನ್ನೆರಡು ಕೆಲಸ ಮಾಡಿತು. ಒಂದು ನಿಮಗೆ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಡಾಗೆನ್ ಹೋ. 1967ರ ಸೆಪ್ಟೆಂಬರ್ 3ರ ಬೆಳಗಿನ ಐದು ಗಂಟೆಗೆ ಇಡೀ ಸ್ವೀಡನ್ ರಸ್ತೆಯ ಎಡಗಡೆಯಿಂದ ಬಲಗಡೆಗೆ ಸರಿದ ದಿನ. ಅದಕ್ಕೆ ಹನ್ನೆರಡು ವರ್ಷ ಮೊದಲು, 1955ರ ಜನಮತದಲ್ಲಿ ಸುಮಾರು ನೂರಕ್ಕೆ 83 ಮಂದಿ ಬೇಡ ಎಂದಿದ್ದರು! ನಮ್ಮ ಊರಿನ ಹಾಗೆ ಇವರೂ ಎಡಗಡೆಯವರೇ ಆಗಿದ್ದರು ಎಂದರೆ ಅಜ್ಜ ಅಜ್ಜಿ ನಂಬುವುದಿಲ್ಲ, ಫೋಟೊ ತೋರಿಸಿ.

ಇನ್ನೊಂದರ ಬಗ್ಗೆ ಯಾರೂ ಹಬ್ಬ ಮಾಡುವುದಿಲ್ಲ, ನನಗೆ ಅದೇ ಹೆಚ್ಚಿನದು. 1963ರಲ್ಲಿ ಸ್ವೆನ್ಸ್ಕ್ ಬಿಲ್‌ಪ್ರೂವ್ನಿಂಗ್ ಎಂಬ ಕಂಪನಿ ಹುಟ್ಟಿತು. ಸರ್ಕಾರದ ಪಾಲು ದೊಡ್ಡದು, ಜೊತೆಗೆ ವಿಮಾ ಕಂಪನಿಗಳು, ವಾಹನದವರ ಸಂಘಗಳು. 1965ರಿಂದ ಕಾರುಗಳ ಕಡ್ಡಾಯ ತಪಾಸಣೆ ಶುರುವಾಯಿತು, ಅದೇ ನಿಮ್ಮ ಬೆಸಿಕ್ಟ್‌ನಿಂಗ್. ಈಗಿನ ನಿಯಮದಲ್ಲಿ ಹೊಸ ಕಾರಿಗೆ ಮೊದಲ ಸಲ 36 ತಿಂಗಳೊಳಗೆ, ಆಮೇಲೆ 24 ತಿಂಗಳೊಳಗೆ, ನಂತರ ಪ್ರತಿ 14 ತಿಂಗಳೊಳಗೆ. ಇದರಲ್ಲಿ ನಾನು ಮೆಚ್ಚುವ ಅಂಶ ಕ್ಯಾಲೆಂಡರ್ ಅಲ್ಲ. ದೋಷ ಕಂಡುಹಿಡಿಯುವವರು ಅದನ್ನು ರಿಪೇರಿ ಮಾಡುವವರಲ್ಲ ಎನ್ನುವುದು. "ನಿಮ್ಮ ಡಿಸ್ಕು ಹೋಗಿದೆ" ಎಂದು ಹೇಳುವ ಮನುಷ್ಯನಿಗೆ ನಿಮಗೆ ಡಿಸ್ಕು ಮಾರುವ ಆಸೆ ಇಲ್ಲ. 2010ರ ಜುಲೈ 1ರಂದು ಆ ಕಂಪನಿಯ ಏಕಸ್ವಾಮ್ಯ ಹೋಗಿ ಬೇರೆ ಕಂಪನಿಗಳೂ ಬಂದವು, ದರಗಳು ಊರಿಗೊಂದಾದವು. ಅದು ಒಳ್ಳೆಯದಾಯಿತೇ ಎಂದು ಇಲ್ಲಿನವರು ಇನ್ನೂ ಜಗಳವಾಡುತ್ತಾರೆ. ಆದರೆ ಪರೀಕ್ಷಿಸುವವರು ಬೇರೆ, ಮಾರುವವರು ಬೇರೆ ಎಂಬ ಗೆರೆ ಹಾಗೇ ಉಳಿಯಿತು. ಕರ್ನಾಟಕದಲ್ಲಿ ಟ್ಯಾಕ್ಸಿ, ಲಾರಿಗಳಿಗೆ ಎಫ್‌ಸಿ ಮಾಡಿಸಬೇಕು. ಮನೆಯ ಕಾರಿಗಾದರೆ ಹದಿನೈದು ವರ್ಷ ಹೊಗೆ ಪರೀಕ್ಷೆ ಬಿಟ್ಟರೆ ಬ್ರೇಕು ನೋಡುವವರು ಯಾರೂ ಇಲ್ಲ.

ತಪಾಸಣೆಯಲ್ಲಿ ಕಾರನ್ನು ತಿರುಗುವ ಉರುಳೆಗಳ ಮೇಲೆ ನಿಲ್ಲಿಸಿ ಒಂದೊಂದು ಚಕ್ರದ ಬ್ರೇಕಿನ ಬಲ ಅಳೆಯುತ್ತಾರೆ. ಒಂದೇ ಅಚ್ಚಿನ ಒಂದು ಚಕ್ರದ ಬಲ ಇನ್ನೊಂದರ ಬಲದ ನೂರಕ್ಕೆ 70ಕ್ಕಿಂತ ಕಡಿಮೆಯಾದರೆ ಅದು ದೋಷ ಎಂದು ಯುರೋಪಿನ ನಿಯಮ. ಒಂದು ಸುತ್ತಿನೊಳಗೆ ಬಲ ಏರಿಳಿಯುತ್ತದೆಯೇ ಎಂಬುದೂ ಮೀಟರಿನಲ್ಲಿ ಕಾಣುತ್ತದೆ. ಆದರೆ ಉರುಳೆ ತಿರುಗುವುದು ನಿಧಾನಕ್ಕೆ, ನಿಮ್ಮ ನಡುಕ ಬರುವುದು 110ರಲ್ಲಿ. ಹಾಗಾಗಿ ತಪಾಸಣೆ ಪಾಸಾದ ಕಾರೂ ಹೆದ್ದಾರಿಯಲ್ಲಿ ನಡುಗಬಹುದು. ಅಲ್ಲಿಂದ ಮುಂದೆ ಬೇಕಾಗುವುದು ಸೂಕ್ಷ್ಮವಾದ ಅಳತೆ.

ಅಳತೆ ಎಂದಾಗ ಎಸ್ಕಿಲ್‌ಸ್ಟೂನಾ ಊರಿನ ಕಾರ್ಲ್ ಎಡ್ವರ್ಡ್ ಯೂಹಾನ್‌ಸನ್ ನೆನಪಾಗಬೇಕು. 1864ರಲ್ಲಿ ಹುಟ್ಟಿದವರು, ಅಲ್ಲಿನ ಸರ್ಕಾರಿ ಬಂದೂಕು ಕಾರ್ಖಾನೆಯಲ್ಲಿ ಕೆಲಸ. ಬಂದೂಕಿನ ಬಿಡಿಭಾಗ ಒಂದಕ್ಕೊಂದು ಹೊಂದಬೇಕಾದರೆ ಪ್ರತಿ ಭಾಗಕ್ಕೂ ಬೇರೆ ಬೇರೆ ಅಳತೆಯ ಅಚ್ಚು ಬೇಕಿತ್ತು. 1896ರಲ್ಲಿ ಜರ್ಮನಿಯ ಮೌಸರ್ ಕಾರ್ಖಾನೆ ನೋಡಿಕೊಂಡು ರೈಲಿನಲ್ಲಿ ವಾಪಸು ಬರುವಾಗ ಅವರಿಗೊಂದು ಯೋಚನೆ ಹೊಳೆಯಿತು. ಸಾವಿರಾರು ಅಚ್ಚುಗಳು ಯಾಕೆ, ನಯವಾಗಿ ಉಜ್ಜಿದ ಕೆಲವೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದರೆ ಯಾವ ಅಳತೆ ಬೇಕಾದರೂ ಬರುತ್ತದಲ್ಲ! 102 ತುಂಡುಗಳ ಒಂದು ಪೆಟ್ಟಿಗೆಯಿಂದ ಮಿಲಿಮೀಟರಿನ ನೂರರ ಒಂದು ಭಾಗದಷ್ಟೇ ವ್ಯತ್ಯಾಸವಿರುವ 20,000 ಅಳತೆಗಳು. ಆ ತುಂಡುಗಳನ್ನು ಮನೆಯಲ್ಲಿ ಉಜ್ಜಲು ಹೆಂಡತಿಯ ಹೊಲಿಗೆ ಯಂತ್ರವನ್ನೇ ಬದಲಾಯಿಸಿಕೊಂಡರು ಎಂದು ಹೇಳುತ್ತಾರೆ. ಆ ಹೆಂಡತಿಯ ಹೆಸರು ಮಾರ್ಗರೇಟಾ. ಯೂಹಾನ್‌ಸನ್‌ಗೆ ಇಲ್ಲಿನವರು ಪ್ರೀತಿಯಿಂದ "ಅಳತೆ ಯೂಹಾನ್‌ಸನ್" ಎಂದು ಹೆಸರಿಟ್ಟರು. ಹೊಲಿಗೆ ಯಂತ್ರ ಕೊಟ್ಟವರಿಗೆ ಯಾವ ಬಿರುದೂ ಸಿಗಲಿಲ್ಲ, ಇರಲಿ. 1923ರಲ್ಲಿ ಹೆನ್ರಿ ಫೋರ್ಡ್ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡರು. ಅದೇ 1923ರಲ್ಲಿ ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಯಿತು, ಸರ್ ಎಂ. ವಿಶ್ವೇಶ್ವರಯ್ಯನವರ ಕನಸು.

ಈಗ ಆ ನೂರರ ಒಂದು ಭಾಗವನ್ನು ಡಿಸ್ಕಿನ ಮೇಲೆ ಇಟ್ಟು ನೋಡಿ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಇರಬೇಕು. ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು, ಸುಮಾರು ಕೂದಲಿನ ದಪ್ಪದ ಕಾಲುಭಾಗದಷ್ಟು ಏರುಪೇರಾದರೂ ಸಾಕು, ಪೆಡಲ್ಲು ಬಡಿಯಲು ಶುರು. ದಪ್ಪ ಜಾಗ ಬಂದಾಗ ಪ್ಯಾಡು ಹಿಂದಕ್ಕೆ ತಳ್ಳಲ್ಪಡುತ್ತದೆ, ತೆಳು ಜಾಗಕ್ಕೆ ಮುಂದೆ ಬರುತ್ತದೆ, ಅದು ಎಣ್ಣೆಯ ಮೂಲಕ ನಿಮ್ಮ ಕಾಲಿಗೆ ಸುದ್ದಿ ಮುಟ್ಟಿಸುತ್ತದೆ. 110ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು ಹದಿನೈದು ಸುತ್ತು ಹಾಕುತ್ತದೆ, ಅದಕ್ಕೇ ಆ ಗಡಗಡ. ಒಂದು ಎಚ್ಚರಿಕೆ. ಮಂಜುಗಡ್ಡೆಯ ಮೇಲೆ ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ಲು ಟಕಟಕ ಒದೆಯುತ್ತದಲ್ಲ, ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವುದು. ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿಯಿರಿ.

ಈ ಏರುಪೇರು ಎಲ್ಲಿಂದ ಬರುತ್ತದೆ? ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ, ಊರಿನ ಅಟ್ಟದಲ್ಲೋ ಹಿತ್ತಲಲ್ಲೋ ನೋಡಿರುತ್ತೀರಿ. ನಡುವಿನ ಗೂಟ ಒಂದಿಷ್ಟು ಓರೆಯಾದರೆ ಮೇಲಿನ ಕಲ್ಲು ಒಂದೇ ಬದಿಗೆ ತಾಗುತ್ತದೆ, ಆ ಬದಿಯೇ ಸವೆಯುತ್ತ ಹೋಗುತ್ತದೆ, ಹಿಟ್ಟು ಅರ್ಧ ನುಣ್ಣಗೆ ಅರ್ಧ ತರಿತರಿ. ಕಾರಿನಲ್ಲಿ ಆ ಗೂಟದ ಜಾಗದಲ್ಲಿ ಹಬ್ ಇದೆ, ಡಿಸ್ಕು ಅದರ ಮುಖಕ್ಕೆ ಒತ್ತಿ ಕೂತಿರುತ್ತದೆ. ಇಲ್ಲಿನ ಚಳಿಗಾಲದಲ್ಲಿ ದಕ್ಷಿಣದ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ (ನೋರ್‌ಲ್ಯಾಂಡಿನ ಕಡು ಚಳಿಗೆ ಉಪ್ಪು ನಾಟುವುದಿಲ್ಲ, ಅಲ್ಲಿ ಹೆಚ್ಚಾಗಿ ಮರಳು). ಉಪ್ಪು ನೀರು ಹಬ್ಬಿಗೂ ಡಿಸ್ಕಿಗೂ ನಡುವೆ ಇಳಿದು ತುಕ್ಕಿನ ಚಕ್ಕೆ ಕಟ್ಟುತ್ತದೆ. ನಡುವಿನಲ್ಲಿ ಒಂದು ಸಣ್ಣ ಚಕ್ಕೆ ಸಿಕ್ಕಿಕೊಂಡರೂ ಡಿಸ್ಕು ಓರೆಯಾಗಿ ಕೂರುತ್ತದೆ, ಆ ಓರೆ ಅಂಚಿಗೆ ಬರುವಷ್ಟರಲ್ಲಿ ಇನ್ನೂ ದೊಡ್ಡದಾಗುತ್ತದೆ.

ಸ್ವಾರಸ್ಯ ಇಲ್ಲಿದೆ. ಓರೆಯಾಗಿ ಕೂತ ಡಿಸ್ಕು ಮೊದಲ ದಿನ ನಡುಗುವುದಿಲ್ಲ. ಪ್ಯಾಡು ಹಿಡಿಯುವ ಕ್ಯಾಲಿಪರ್ ಪಕ್ಕಕ್ಕೆ ಜಾರುತ್ತ ಡಿಸ್ಕನ್ನು ಹಿಂಬಾಲಿಸುತ್ತದೆ. ತೊಂದರೆ ಶುರುವಾಗುವುದು ನೀವು ಬ್ರೇಕ್ ಒತ್ತದೇ ಸುಮ್ಮನೆ ಓಡಿಸುವಾಗ. ಡಿಸ್ಕಿನ ಉಬ್ಬಿದ ಭಾಗ ಪ್ರತಿ ಸುತ್ತಿಗೂ ಪ್ಯಾಡನ್ನು ಒಂದು ಸಲ ಸವರಿಕೊಂಡು ಹೋಗುತ್ತದೆ. ಚಕ್ರದ ಸುತ್ತಳತೆ ಸುಮಾರು ಎರಡು ಮೀಟರ್, ಅಂದರೆ ಕಿಲೋಮೀಟರಿಗೆ 500 ಸಲ, 10,000 ಕಿಲೋಮೀಟರಿಗೆ 50 ಲಕ್ಷ ಸಲ ಅದೇ ಒಂದು ಜಾಗ ಸವೆಯುತ್ತದೆ. ಆರೇಳು ತಿಂಗಳಲ್ಲಿ ಆ ಜಾಗ ತೆಳುವಾಗಿ ನಡುಕ ಬರುತ್ತದೆ. ಡಿಸ್ಕು "ಬಾಗಿದೆ" ಎಂದು ಹೊಸದು ಹಾಕುತ್ತಾರೆ, ಹಬ್ಬಿನ ತುಕ್ಕನ್ನು ತಿಕ್ಕಿ ತೆಗೆಯುವುದಿಲ್ಲ. ಹೊಸ ಡಿಸ್ಕೂ ಅದೇ ತುಕ್ಕಿನ ಮೇಲೆ ಅದೇ ಓರೆಯಲ್ಲಿ ಕೂರುತ್ತದೆ. ಕಾಯಿಲೆ ಹಬ್ಬಿನದು, ಬಿಲ್ಲು ಡಿಸ್ಕಿನ ಹೆಸರಿಗೆ.

ಇನ್ನೊಂದು ಬಗೆಯಲ್ಲಿ ಡಿಸ್ಕು ಸವೆದಿರುವುದೇ ಇಲ್ಲ, ಅದರ ಮೇಲೆ ಏನೋ ಅಂಟಿರುತ್ತದೆ. ರೇಸ್ ಕಾರುಗಳ ಎಂಜಿನಿಯರ್ ಕ್ಯಾರಲ್ ಸ್ಮಿತ್ ಎಂಬ ಅಮೆರಿಕನ್ನರು "ಬಾಗಿದ ಡಿಸ್ಕು" ಎಂಬುದೇ ಒಂದು ಕಟ್ಟುಕಥೆ ಎಂದು ಬರೆದು ಹೆಸರಾದರು. ಅವರ ವಾದದ ತಿರುಳು ಹೀಗೆ: ಜೋರಾಗಿ ಬ್ರೇಕ್ ಹಾಕಿ ಕೆಂಡದಂತೆ ಕಾದ ಡಿಸ್ಕನ್ನು, ಕಾರು ನಿಂತ ಮೇಲೂ ಪೆಡಲ್ ಒತ್ತಿಯೇ ಹಿಡಿದರೆ ಪ್ಯಾಡಿನ ವಸ್ತು ಆ ಜಾಗಕ್ಕೆ ಮೆತ್ತಿಕೊಳ್ಳುತ್ತದೆ, ಕಾವಲಿಗೆ ದೋಸೆ ಹತ್ತಿಕೊಂಡ ಹಾಗೆ. ಆ ಜಾಗ ಆಮೇಲೆ ಹೆಚ್ಚು ಬಿಸಿಯಾಗುತ್ತದೆ. ಕಾವು 650 ಡಿಗ್ರಿ ದಾಟಿದರೆ ಕಬ್ಬಿಣದ ಗುಣವೇ ಬದಲಾಗಿ ಅಲ್ಲೊಂದು ಗಟ್ಟಿ ಕಲೆ ಹುಟ್ಟುತ್ತದೆ, ಅದು ಸುತ್ತಲಿನ ಭಾಗದಷ್ಟು ಸವೆಯುವುದಿಲ್ಲ.

ಎಂ.ಎ. ಓದುವಾಗ ನಮಗೆ ಶಾಸನ ಓದುವ ಪಾಠವಿತ್ತು. ಕಲ್ಲಿನ ಯಾವ ಬದಿ ಮಳೆಗೆ ಒಡ್ಡಿಕೊಂಡಿತ್ತು, ಯಾವ ಸಾಲು ಸವೆದಿದೆ ಎಂದು ನೋಡಿಯೇ ಕಲ್ಲು ಎಲ್ಲಿ ನಿಂತಿತ್ತು ಎಂದು ಊಹಿಸುತ್ತಿದ್ದೆವು. ಡಿಸ್ಕೂ ಹಾಗೆಯೇ ಓದಿಸಿಕೊಳ್ಳುತ್ತದೆ. ಒಳಮುಖ ಹೊರಮುಖಕ್ಕಿಂತ ಬಹಳ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿದು ಬಿಗಿದಿವೆ ಎಂದು ಅರ್ಥ, ಒಂದೇ ಪ್ಯಾಡು ಎಲ್ಲ ಕೆಲಸ ಮಾಡುತ್ತಿದೆ. ಎಡದ ಡಿಸ್ಕು ಸವೆದು ಬಲದ್ದು ಹೊಸದರಂತಿದ್ದರೆ ಒಂದು ಕಡೆ ಪಿಸ್ಟನ್ ಸಿಕ್ಕಿಕೊಂಡಿರಬಹುದು. ಇದು ಬರೀ ದುಡ್ಡಿನ ವಿಷಯವಲ್ಲ, ಹಿಮದ ಮೇಲೆ ಒಂದೇ ಬದಿಗೆ ಹಿಡಿಯುವ ಬ್ರೇಕು ಕಾರನ್ನು ಎದುರಿನ ಸಾಲಿಗೆ ಎಳೆದುಬಿಡುತ್ತದೆ. ಗ್ರಾಮಫೋನ್ ತಟ್ಟೆಯಂತೆ ಗೀರುಗಳಿದ್ದರೆ ಪ್ಯಾಡು ಮುಗಿದು ಅದರ ಹಿಂದಿನ ಉಕ್ಕು ಉಜ್ಜುತ್ತಿರಬಹುದು, ಇಲ್ಲವೇ ಮರಳಿನ ಕಣ ಸಿಕ್ಕಿರಬಹುದು. ಹೊರಗಿನಿಂದ ಬೆಳ್ಳಿಯಂತೆ ಹೊಳೆಯುವ ಡಿಸ್ಕಿನ ಒಳಮುಖ ಪೂರ್ತಿ ತುಕ್ಕಾಗಿರುವುದೂ ಉಂಟು, ಟಾರ್ಚ್ ಹಾಕಿ ಹಿಂದಿನಿಂದ ನೋಡಬೇಕು. ಎಷ್ಟು ದಪ್ಪದವರೆಗೆ ಬಳಸಬಹುದು ಎಂಬ ಕನಿಷ್ಠ ಅಳತೆಯನ್ನು ಎಷ್ಟೋ ಡಿಸ್ಕುಗಳ ಮೇಲೆಯೇ ಕೊರೆದಿರುತ್ತಾರೆ.

ನಿಮಗೆ ಈ ಓದಿಗೆ ವರ್ಷಕ್ಕೆ ಎರಡು ಸಲ ಅವಕಾಶ ತಾನಾಗಿ ಬರುತ್ತದೆ. ಚಳಿಗಾಲದ ಟೈರು ಹಾಕುವಾಗ, ಏಪ್ರಿಲ್ ಹೊತ್ತಿಗೆ ಅದನ್ನು ತೆಗೆಯುವಾಗ. ಚಕ್ರ ಬಿಚ್ಚಿದ ಮೇಲೆ ಡಿಸ್ಕು ಕಣ್ಣೆದುರಿಗೇ ಇರುತ್ತದೆ. ಜ್ಯಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಕೈ ಕಾಲು ತೂರಿಸಬೇಡಿ, ಸ್ಟ್ಯಾಂಡ್ ಇಡಿ. ಚಕ್ರ ವಾಪಸು ಹಾಕುವಾಗ ಬೋಲ್ಟುಗಳನ್ನು ಒಂದರ ಪಕ್ಕ ಒಂದು ಬಿಗಿಯದೆ ಎದುರು ಬದುರಾಗಿ, ಟಾರ್ಕ್ ವ್ರೆಂಚಿನಲ್ಲಿ ಕಾರಿನ ಪುಸ್ತಕ ಹೇಳಿದಷ್ಟೇ ಬಿಗಿಯಿರಿ. ಒಂದು ಕಡೆ ಅತಿಯಾಗಿ ಬಿಗಿದರೂ ಡಿಸ್ಕು ಓರೆಯಾಗುತ್ತದೆ. ವರ್ಕ್‌ಶಾಪಿಗೆ ಹೋದರೆ "ಬಾಗಿದೆ" ಎಂದವರನ್ನು ವಿನಯದಿಂದ ಎರಡು ಪ್ರಶ್ನೆ ಕೇಳಿ: ಡಯಲ್ ಗೇಜಿನಲ್ಲಿ ಓರೆ ಎಷ್ಟು ಬಂತು, ಮೈಕ್ರೋಮೀಟರಿನಲ್ಲಿ ಸುತ್ತಲೂ ಎಂಟು ಹತ್ತು ಕಡೆ ದಪ್ಪ ಎಷ್ಟೆಷ್ಟು ಬಂತು? ಅಳೆದವರು ಸಂಖ್ಯೆ ಹೇಳುತ್ತಾರೆ. ಹಬ್ ತಿಕ್ಕಿ ಸ್ವಚ್ಛ ಮಾಡಿ ಅಳೆದ ಮೇಲೂ ಓರೆ ಉಳಿದರೆ ಬೇರಿಂಗ್ ನೋಡಬೇಕು.

ಕೊನೆಗೆ, ಆಗಲೇ ಹೇಳಿದ ಎಲೆಕ್ಟ್ರಿಕ್ ಕಾರು. ಅದರಲ್ಲಿ ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟರೇ ಮಾಡಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಡಿಸ್ಕಿಗೆ ಕೆಲಸವೇ ಇಲ್ಲ. ಕೆಲಸವಿಲ್ಲದ ಡಿಸ್ಕು ಸವೆಯುವುದಿಲ್ಲ, ತುಕ್ಕು ಹಿಡಿಯುತ್ತದೆ, ಅದರಲ್ಲೂ ಹಿಂದಿನ ಚಕ್ರಗಳದು. ತುಕ್ಕು ಎಲ್ಲ ಕಡೆ ಒಂದೇ ಸಮ ಹಿಡಿಯುವುದಿಲ್ಲ. ನಿಂತ ಕಾರಿನಲ್ಲಿ ಪ್ಯಾಡು ಮುಚ್ಚಿದ ಜಾಗಕ್ಕೆ ಒಂದು ಬಗೆ, ತೆರೆದ ಜಾಗಕ್ಕೆ ಇನ್ನೊಂದು ಬಗೆ. ನಿಮ್ಮ ತರಗತಿಯ ಹುಡುಗರು ಹದಿನೈದಕ್ಕೇ ಓಡಿಸುವ, 30 ದಾಟದ ಆ-ಟ್ರಾಕ್ಟರುಗಳ ಕಥೆಯೂ ಹೆಚ್ಚು ಕಡಿಮೆ ಇದೇ. 1960ರ ದಶಕದ ಎಂಜಿನಿಯರುಗಳು ಡಿಸ್ಕು ಹೆಚ್ಚು ಬಿಸಿಯಾಗಿ ಕೆಡದಿರಲಿ ಎಂದು ದುಡಿದರು. ಈಗಿನವರ ತಲೆನೋವು ಡಿಸ್ಕು ಬಿಸಿಯೇ ಆಗುವುದಿಲ್ಲವಲ್ಲ ಎಂಬುದು. ಮನೆಯಲ್ಲಿ ಎಲೆಕ್ಟ್ರಿಕ್ ಕಾರಿದ್ದರೆ ಉಪ್ಪಿನ ತಿಂಗಳುಗಳಲ್ಲಿ ವಾರಕ್ಕೊಂದೆರಡು ಸಲ, ಒಣ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡು, ಕೆಲವು ಸಲ ಗಟ್ಟಿಯಾಗಿ ಬ್ರೇಕ್ ಹಾಕಿಸಿ. ಕೆಲವು ಕಾರುಗಳಲ್ಲಿ ಮೋಟರಿನ ಆ ಕೆಲಸವನ್ನು ಕಡಿಮೆ ಮಾಡುವ ಸೆಟ್ಟಿಂಗ್ ಇರುತ್ತದೆ, ಇಲ್ಲದಿದ್ದರೆ ಗೇರನ್ನು ನ್ಯೂಟ್ರಲ್ಲಿಗೆ ಹಾಕಿ ಬ್ರೇಕ್ ಒತ್ತಿದರೆ ಪ್ಯಾಡುಗಳೇ ಕೆಲಸ ಮಾಡುತ್ತವೆ. ಕರಕರ ಎಂದು ಶುರುವಾದ ಸದ್ದು ನಾಲ್ಕೈದು ಸಲಕ್ಕೆ ಕಡಿಮೆಯಾದರೆ ಅದು ಮೇಲ್ಮೈಯ ತುಕ್ಕು, ಉಜ್ಜಿ ಹೋಯಿತು. ಕಡಿಮೆಯಾಗದಿದ್ದರೆ ಚಕ್ರ ಬಿಚ್ಚಿ ನೋಡುವವರೆಗೆ ಕಾಯಬೇಡಿ, ತಪಾಸಣೆಯ ದಿನ ದೂರವಿದ್ದರೂ ಹೋಗಿ ತೋರಿಸಿ.